ಎರಡು ಕಾಲಂಗಳ ನಡುವೆ ಬಿದ್ದವರು

ಇವತ್ತು ಒಂದು ಒಗಟಿನಿಂದ ಶುರು ಮಾಡೋಣ. ಒಂದು ಫ್ಯಾಕ್ಟರಿ. ಅಲ್ಲಿ ಹೆಂಗಸರಿಗೆ ಕೆಲಸ ಕೊಟ್ಟಿದ್ದಾರೆ. ಕಪ್ಪು ಜನರಿಗೂ ಕೆಲಸ ಕೊಟ್ಟಿದ್ದಾರೆ. ಹಾಗಿದ್ದ ಮೇಲೂ ಆ ಫ್ಯಾಕ್ಟರಿಯಲ್ಲಿ ಕಪ್ಪು ಹೆಂಗಸರಿಗೆ ಅನ್ಯಾಯ ಆಗೋದಕ್ಕೆ ಸಾಧ್ಯನಾ?

ಸಾಧ್ಯವೇ ಇಲ್ಲ ಅಂತ ಥಟ್ಟನೆ ಅನ್ನಿಸುತ್ತೆ. 1976ರಲ್ಲಿ ಅಮೆರಿಕದ ಒಂದು ನ್ಯಾಯಾಲಯಕ್ಕೂ ಹಾಗೇ ಅನ್ನಿಸಿತು. ಅದೇ ಒಗಟು ಬೇರೆ ಬೇರೆ ವೇಷದಲ್ಲಿ ನಮ್ಮ ಸುಪ್ರೀಂ ಕೋರ್ಟಿಗೂ ಬಂದಿದೆ, ಕರ್ನಾಟಕ ಸರ್ಕಾರದ ನೇಮಕಾತಿ ನಿಯಮದೊಳಗೂ ಬಂದಿದೆ. ‘ನಾನು ಯಾರು’ ಅನ್ನೋದು ವೇದಾಂತಿಗಳ ಪ್ರಶ್ನೆ, ನಮಗ್ಯಾಕೆ ಅಂದುಕೊಂಡಿದ್ದರೆ ಸ್ವಲ್ಪ ಕೇಳಿ. ಈ ಪ್ರಶ್ನೆಯ ಉತ್ತರದಲ್ಲಿ ಕೆಲಸ ಇದೆ, ಸಂಬಳ ಇದೆ, ನ್ಯಾಯ ಇದೆ.

ಮೊದಲು ಆ ಫ್ಯಾಕ್ಟರಿಗೆ ಹೋಗೋಣ. ಅಮೆರಿಕದ ಸೇಂಟ್ ಲೂಯಿಸ್ ನಗರ. ಅಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಕಾರು ಜೋಡಿಸುವ ಘಟಕ. ಎಮ್ಮಾ ಡಿಗ್ರಾಫೆನ್‌ರೀಡ್ ಎಂಬ ಮಹಿಳೆ, ಅವರ ಜೊತೆ ಇನ್ನೂ ನಾಲ್ವರು, ಒಟ್ಟು ಐದು ಜನ ಕಪ್ಪು ಮಹಿಳೆಯರು ಕಂಪನಿಯ ಮೇಲೆ ಕೇಸು ಹಾಕಿದರು. 1964ಕ್ಕೆ ಮುಂಚೆ ಆ ಘಟಕದಲ್ಲಿ ಒಬ್ಬ ಕಪ್ಪು ಮಹಿಳೆಗೂ ಕೆಲಸ ಸಿಕ್ಕಿರಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಬಣ್ಣ ನೋಡಿ, ಹೆಣ್ಣು ಗಂಡು ನೋಡಿ ಕೆಲಸ ನಿರಾಕರಿಸುವ ಹಾಗಿಲ್ಲ ಎಂದು ಕಾನೂನು ಹೇಳಿತು. ಆಮೇಲೆ ನಿಧಾನವಾಗಿ ಬಾಗಿಲು ತೆರೆಯಿತು.

ಆದರೆ ಸ್ವಲ್ಪ ವರ್ಷದಲ್ಲೇ ಆರ್ಥಿಕ ಹಿಂಜರಿತ ಬಂತು. ಕಂಪನಿ ಜನರನ್ನು ತೆಗೆಯಲು ಶುರು ಮಾಡಿತು. ಯಾರನ್ನು ತೆಗೆಯಬೇಕು? ಸೀನಿಯಾರಿಟಿ ಲೆಕ್ಕ. ಕೊನೆಗೆ ಬಂದವರು ಮೊದಲು ಹೊರಗೆ. ಕೇಳೋದಕ್ಕೆ ಎಷ್ಟು ನ್ಯಾಯವಾಗಿದೆ ನೋಡಿ! ಬಣ್ಣದ ಮಾತಿಲ್ಲ, ಹೆಣ್ಣು ಗಂಡೆಂಬ ಮಾತಿಲ್ಲ, ಸೇರಿದ ತಾರೀಕು ಮಾತ್ರ. ಆದರೆ ಕೊನೆಗೆ ಬಂದವರು ಯಾರು? ಯಾರಿಗೆ ಬಾಗಿಲನ್ನು ಕೊನೆಗೆ ತೆರೆದಿದ್ದರೋ ಅವರು. 1970ರ ನಂತರ ಸೇರಿದ್ದ ಕಪ್ಪು ಮಹಿಳೆಯರೆಲ್ಲರೂ ಕೆಲಸ ಕಳೆದುಕೊಂಡರು. ಹಳೆಯ ಅನ್ಯಾಯ ಹೊಸ ನಿಯಮದ ವೇಷ ಹಾಕಿಕೊಂಡು ಬಂತು.

ನ್ಯಾಯಾಲಯ ಏನು ಮಾಡಿತು? ಮೊದಲು ಹೆಣ್ಣೆಂಬ ಕಾರಣಕ್ಕೆ ಭೇದ ಆಗಿದೆಯಾ ಅಂತ ನೋಡಿತು. 1964ಕ್ಕೆ ಮುಂಚೆಯೂ ಕಂಪನಿ ಹೆಂಗಸರಿಗೆ ಕೆಲಸ ಕೊಟ್ಟಿತ್ತು. ಅವರೆಲ್ಲ ಬಿಳಿಯ ಹೆಂಗಸರು, ಆ ಮಾತು ಬೇರೆ. ಹೆಂಗಸರು ಇದ್ದಾರಲ್ಲ, ಹಾಗಾಗಿ ಲಿಂಗ ತಾರತಮ್ಯ ಇಲ್ಲ. ಇನ್ನು ಬಣ್ಣದ ಪ್ರಶ್ನೆ. ಇದೇ ಕಂಪನಿಯ ಮೇಲೆ ವರ್ಣಭೇದದ ಇನ್ನೊಂದು ಕೇಸು ನಡೀತಾ ಇದೆ, ಅದರ ಜೊತೆ ನಿಮ್ಮದನ್ನೂ ಸೇರಿಸಿಕೊಳ್ಳಿ ಎಂದಿತು. ಆ ಐವರು ಹೇಳಿದ್ದು ಇಷ್ಟೇ: ನಮ್ಮದು ಬರೀ ಬಣ್ಣದ ದೂರಲ್ಲ, ಬರೀ ಹೆಣ್ಣಿನ ದೂರೂ ಅಲ್ಲ, ಎರಡೂ ಒಟ್ಟಿಗೆ ಸೇರಿದ್ದು. ಅದಕ್ಕೆ ನ್ಯಾಯಾಲಯ ಒಪ್ಪಲಿಲ್ಲ. ಎರಡನ್ನೂ ಬೆರೆಸಿ ಒಂದು ಹೊಸ ವರ್ಗವನ್ನೇ ಸೃಷ್ಟಿಸಿದರೆ ನಾಳೆ ಇಂಥವು ಎಷ್ಟು ಹುಟ್ಟಿಕೊಳ್ಳುತ್ತವೋ ಎಂಬ ಆತಂಕ ಅದರದ್ದು.

ನಿಮ್ಮಲ್ಲಿ ಎಕ್ಸೆಲ್ ಬಳಸುವವರು ಇದ್ದರೆ ಈ ಎಡವಟ್ಟು ತಕ್ಷಣ ಅರ್ಥ ಆಗುತ್ತೆ. ಆ ಘಟಕದಲ್ಲಿ 1964ಕ್ಕೆ ಮುಂಚೆ ಇದ್ದ ನೌಕರರ ಪಟ್ಟಿ ನಿಮ್ಮ ಮುಂದಿದೆ ಅಂತ ಇಟ್ಟುಕೊಳ್ಳಿ. ‘ಹೆಣ್ಣು’ ಅಂತ ಫಿಲ್ಟರ್ ಹಾಕಿ, ಹೆಸರುಗಳು ಬರುತ್ತವೆ. ಅದನ್ನು ತೆಗೆದು ‘ಕಪ್ಪು’ ಅಂತ ಫಿಲ್ಟರ್ ಹಾಕಿ, ಆಗಲೂ ಹೆಸರುಗಳು ಬರುತ್ತವೆ. ಈಗ ಎರಡೂ ಫಿಲ್ಟರ್ ಒಟ್ಟಿಗೆ ಹಾಕಿ. ಸ್ಕ್ರೀನ್ ಖಾಲಿ! ಒಂದು ಸಾಲೂ ಇಲ್ಲ. ಯಾಕಂದರೆ ಮೊದಲ ಸಲ ಬಂದಿದ್ದು ಬಿಳಿಯ ಹೆಂಗಸರು, ಎರಡನೇ ಸಲ ಬಂದಿದ್ದು ಕಪ್ಪು ಗಂಡಸರು. ನ್ಯಾಯಾಲಯ ಒಂದೊಂದೇ ಫಿಲ್ಟರ್ ಹಾಕಿ ನೋಡಿ ‘ಎಲ್ಲರೂ ಇದ್ದಾರಲ್ಲ’ ಅಂತ ಕಡತ ಮುಚ್ಚಿತು.

ಈ ತೀರ್ಪನ್ನು ಕೈಗೆತ್ತಿಕೊಂಡು 1989ರಲ್ಲಿ ಕಿಂಬರ್ಲೆ ಕ್ರೆನ್‌ಶಾ ಎಂಬ ಕಾನೂನು ಪ್ರಾಧ್ಯಾಪಕಿ ಒಂದು ಲೇಖನ ಬರೆದರು. ಅವರೂ ಕಪ್ಪು ಮಹಿಳೆ. ಇಂಟರ್‌ಸೆಕ್ಷನಾಲಿಟಿ ಅನ್ನೋ ಪದ ಚಾಲ್ತಿಗೆ ಬಂದದ್ದು ಅಲ್ಲಿಂದ. ಪದ ಉದ್ದ, ವಿಷಯ ಸರಳ. ಅವರು ಕೊಟ್ಟ ಹೋಲಿಕೆ ನಾಲ್ಕು ರಸ್ತೆ ಕೂಡುವ ಸರ್ಕಲ್‌ನದ್ದು. ಸರ್ಕಲ್ ಮಧ್ಯೆ ನಿಂತವರಿಗೆ ಯಾವ ದಿಕ್ಕಿನಿಂದ ಬಂದ ಗಾಡಿ ಬೇಕಾದರೂ ಗುದ್ದಬಹುದು, ಕೆಲವೊಮ್ಮೆ ಎಲ್ಲ ದಿಕ್ಕಿನಿಂದಲೂ ಒಟ್ಟಿಗೇ ಗುದ್ದಬಹುದು. ನಮ್ಮೂರಿನ ಅನುಭವದಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿಸಬಹುದು. ಗಡಿಯಲ್ಲಿ ಆಕ್ಸಿಡೆಂಟ್ ಆದರೆ ಈ ಸ್ಟೇಷನ್‌ನವರು ‘ನಮ್ಮ ಲಿಮಿಟ್ಸ್ ಅಲ್ಲ’ ಅಂತಾರೆ, ಆ ಸ್ಟೇಷನ್‌ನವರೂ ‘ನಮ್ಮ ಲಿಮಿಟ್ಸ್ ಅಲ್ಲ’ ಅಂತಾರೆ. ಪೆಟ್ಟು ತಿಂದವನು ರಸ್ತೆಯಲ್ಲೇ ಇರ್ತಾನೆ. ಆ ಐವರಿಗೆ ಆಗಿದ್ದು ಅದೇ.

ಇಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನು ತಪ್ಪಿಸಿಕೊಳ್ಳಬೇಡಿ. ಬಹಳ ಜನ ಇದನ್ನು ಕೂಡುವ ಲೆಕ್ಕ ಅಂದುಕೊಳ್ತಾರೆ. ಬಣ್ಣದ ಕಷ್ಟ ಒಂದು, ಹೆಣ್ಣಿನ ಕಷ್ಟ ಒಂದು, ಒಟ್ಟು ಎರಡು ಕಷ್ಟ ಅಂತ. ಹಾಗಲ್ಲ. ನಮ್ಮ ಮನೆಗಳಲ್ಲಿ ಆರತಿಗೆ ಓಕುಳಿ ನೀರು ಮಾಡ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಅರಿಶಿನ ಹಳದಿ. ಸುಣ್ಣ ಬಿಳಿ. ಎರಡೂ ಸೇರಿದರೆ ತಿಳಿಹಳದಿ ಆಗಬೇಕಿತ್ತು. ಆಗುವುದು ಕೆಂಪು! ಆ ಕೆಂಪು ಅರಿಶಿನದಲ್ಲೂ ಇರಲಿಲ್ಲ, ಸುಣ್ಣದಲ್ಲೂ ಇರಲಿಲ್ಲ. ಕಪ್ಪು ಹೆಂಗಸಿನ ಅನುಭವ ಕಪ್ಪು ಗಂಡಸಿನದ್ದಲ್ಲ, ಬಿಳಿಯ ಹೆಂಗಸಿನದ್ದೂ ಅಲ್ಲ, ಎರಡನ್ನೂ ಕೂಡಿಸಿದ ಮೊತ್ತವೂ ಅಲ್ಲ. ಅದಕ್ಕೆ ಅದರದ್ದೇ ಬಣ್ಣ.

ಇನ್ನೂ ಒಂದು ಮಾತು. ಈ ಪೆಟ್ಟು ಯಾವಾಗಲೂ ಎದುರಾಳಿಯಿಂದಲೇ ಬರುತ್ತೆ ಅಂತಿಲ್ಲ. ಸ್ವಂತ ಪಾಳಯದಿಂದಲೂ ಬರುತ್ತೆ. ಇದಕ್ಕೆ ಬೇಯಾರ್ಡ್ ರಸ್ಟಿನ್ ಅವರ ಬದುಕಿಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಮಾರ್ಟಿನ್ ಲೂಥರ್ ಕಿಂಗ್ ಹೆಸರು ಎಲ್ಲರಿಗೂ ಗೊತ್ತು. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಸುಮಾರು ಎರಡೂವರೆ ಲಕ್ಷ ಜನರ ಮುಂದೆ ಅವರು ಮಾಡಿದ ಭಾಷಣ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಅಷ್ಟು ಜನರನ್ನು ಅಲ್ಲಿಗೆ ಕರೆತಂದು, ಒಂದು ಗಲಾಟೆಯೂ ಆಗದ ಹಾಗೆ ವಾಪಸ್ ಕಳಿಸಿದ ವ್ಯವಸ್ಥೆ ಯಾರದ್ದು? ರಸ್ಟಿನ್ ಅವರದ್ದು. ಬಸ್ಸು, ರೈಲು, ಕುಡಿಯುವ ನೀರು, ಶೌಚಾಲಯ, ಮೈಕು, ಸ್ವಯಂಸೇವಕರು, ಎಲ್ಲವನ್ನೂ ಎರಡು ತಿಂಗಳ ಒಳಗೆ ಸಿದ್ಧ ಮಾಡಿದರು. ಆಗಸ್ಟ್ ಬಿಸಿಲಿಗೆ ಕೆಡುವಂಥ ಬುತ್ತಿ ಕಟ್ಟಿಕೊಂಡು ಬರಬೇಡಿ ಅಂತ ಬರುವವರಿಗೆ ಮೊದಲೇ ಹೇಳಿ ಕಳಿಸುವಷ್ಟು ಕರಾರುವಾಕ್ಕು ಮನುಷ್ಯ.

ಗಾಂಧೀಜಿಯ ದಾರಿಯನ್ನು ಹತ್ತಿರದಿಂದ ತಿಳಿಯಬೇಕು ಅಂತ 1948ರಲ್ಲಿ ಅವರು ಭಾರತಕ್ಕೂ ಬಂದಿದ್ದರು. ಅವರು ಬರುವಷ್ಟರಲ್ಲಿ ಗಾಂಧಿ ಹತ್ಯೆ ಆಗಿಹೋಗಿತ್ತು. ಬಸ್ಸಿನಲ್ಲಿ ಕಪ್ಪುಜನ ಹಿಂದೆ ಕೂರಬೇಕೆಂಬ ಪದ್ಧತಿಯನ್ನು 1947ರಲ್ಲೇ ಮುರಿದು ಶಿಕ್ಷೆ ಅನುಭವಿಸಿದವರು. 1956ರಲ್ಲಿ ಮಾಂಟ್‌ಗಮರಿಯ ಬಸ್ ಬಹಿಷ್ಕಾರ ನಡೆಯುವಾಗ ಅಲ್ಲಿಗೆ ಹೋಗಿ ಯುವಕ ಕಿಂಗ್ ಅವರಿಗೆ ಅಹಿಂಸೆಯ ತಂತ್ರ ಹೇಳಿಕೊಟ್ಟವರಲ್ಲಿ ಒಬ್ಬರು.

ಇಂಥವರ ಹೆಸರು ನಮಗೆ ಯಾಕೆ ಗೊತ್ತಿಲ್ಲ? ರಸ್ಟಿನ್ ಸಲಿಂಗಿ. ಅದನ್ನು ಮುಚ್ಚಿಟ್ಟುಕೊಳ್ಳಲಿಲ್ಲ. 1953ರಲ್ಲಿ ಇದೇ ಕಾರಣಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಅವರ ಬಂಧನ ಆಗಿತ್ತು. 1960ರಲ್ಲಿ ಆಡಂ ಕ್ಲೇಟನ್ ಪವೆಲ್ ಎಂಬ ಸಂಸದ ಒಂದು ಬೆದರಿಕೆ ಹಾಕಿದರು. ಕಿಂಗ್ ತಮ್ಮ ಒಂದು ಪ್ರತಿಭಟನೆ ಕೈಬಿಡದಿದ್ದರೆ ಕಿಂಗ್‌ಗೂ ರಸ್ಟಿನ್‌ಗೂ ಸಂಬಂಧ ಇದೆ ಅಂತ ಸುಳ್ಳು ಸುದ್ದಿ ಹಬ್ಬಿಸ್ತೀನಿ ಅಂದರು. ಪವೆಲ್ ಬಿಳಿಯರಲ್ಲ, ಅವರೂ ಕಪ್ಪುಜನರ ನಾಯಕರೇ! ರಸ್ಟಿನ್ ದೂರ ಸರಿಯಬೇಕಾಯಿತು. 1963ರಲ್ಲೂ ಅವರನ್ನು ಮುಖ್ಯಸ್ಥ ಮಾಡೋದು ಬೇಡ ಅಂತ ಚಳವಳಿಯ ದೊಡ್ಡವರಲ್ಲೇ ತಕರಾರು ಬಂತು. ಹಿರಿಯ ಕಾರ್ಮಿಕ ನಾಯಕ ಎ. ಫಿಲಿಪ್ ರ‍್ಯಾಂಡಲ್ಫ್ ಆ ಸ್ಥಾನ ತಾವೇ ವಹಿಸಿಕೊಂಡು ರಸ್ಟಿನ್ ಅವರನ್ನು ತಮ್ಮ ಸಹಾಯಕರನ್ನಾಗಿ ನೇಮಿಸಿದರು. ಮೆರವಣಿಗೆಗೆ ಎರಡು ವಾರ ಇರುವಾಗ ಸ್ಟ್ರಾಮ್ ಥರ್ಮಂಡ್ ಎಂಬ ಸೆನೆಟರ್ ಸದನದಲ್ಲೇ ಎದ್ದು ನಿಂತು ರಸ್ಟಿನ್ ಅವರ ಹಳೆಯ ಬಂಧನದ ಪುರಾಣ ಬಿಚ್ಚಿದರು. ಆಗ ರ‍್ಯಾಂಡಲ್ಫ್ ಬಹಿರಂಗವಾಗಿಯೇ ಅವರ ಬೆನ್ನಿಗೆ ನಿಂತರು.

ನೋಡಿ, ಬಿಳಿಯ ಸಮಾಜಕ್ಕೆ ರಸ್ಟಿನ್ ಕಪ್ಪು ಮನುಷ್ಯ. ಕಪ್ಪು ಸಮಾಜಕ್ಕೆ ಅವರು ಸಲಿಂಗಿ. ಅವರಿಗೆ ಅವರು ಒಬ್ಬರೇ ಮನುಷ್ಯ, ಎರಡೂ ಒಟ್ಟಿಗೆ. ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ಅವರಿಗೆ ಸಿಕ್ಕಿದ್ದು 2013ರಲ್ಲಿ. ಅವರು ತೀರಿಕೊಂಡದ್ದು 1987ರಲ್ಲಿ.

‘ಸರ್, ಇದೆಲ್ಲ ಅಮೆರಿಕದ ಗೋಳು. ನಮ್ಮಲ್ಲಿ ಬಿಳಿಯರೂ ಇಲ್ಲ, ಕರಿಯರೂ ಇಲ್ಲ’ ಅಂತ ಯಾರಾದರೂ ಹೇಳುವ ಮೊದಲು ಯಲ್ಲಾಪುರಕ್ಕೆ ಹೋಗಿಬರೋಣ. ಯಲ್ಲಾಪುರ, ಹಳಿಯಾಳ, ಅಂಕೋಲಾದ ಕಾಡಂಚಿನಲ್ಲಿ ಸಿದ್ದಿ ಜನ ಇದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ, ಬಹುಪಾಲು ಗುಲಾಮರಾಗಿ ತರಲ್ಪಟ್ಟವರ ಮಕ್ಕಳು ಮೊಮ್ಮಕ್ಕಳು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಮಾತು ಕೊಂಕಣಿ, ಕನ್ನಡ. ಅವರು ಬೆಂಗಳೂರಿಗೆ ಬಂದರೆ ಜನ ಇಂಗ್ಲಿಷಿನಲ್ಲಿ ‘ಯಾವ ದೇಶ’ ಅಂತ ಕೇಳ್ತಾರೆ. ಉತ್ತರ ಕನ್ನಡದವರು ಉತ್ತರವನ್ನು ಕನ್ನಡದಲ್ಲೇ ಕೊಡ್ತಾರೆ! ಬಾಯಿ ತೆರೆಯುವ ಮೊದಲೇ ಚರ್ಮ ಮಾತಾಡಿಬಿಟ್ಟಿರುತ್ತೆ. ವ್ಯಕ್ತಿತ್ವ, ಗುರುತು ಅಂತ ನಾವು ಏನನ್ನು ಕರೀತೀವೋ ಅದರ ಅರ್ಧ ಭಾಗ ಹೀಗೆ ಎದುರಿಗಿದ್ದವನ ಕಣ್ಣಲ್ಲೇ ತಯಾರಾಗುತ್ತೆ.

ಇನ್ನರ್ಧ ಸರ್ಕಾರಿ ಕಾಗದದಲ್ಲಿ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಪಕ್ಕದ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯ ಸಿದ್ದಿಗಳು? 2020ರವರೆಗೆ ಕಾಯಬೇಕಾಯಿತು. ಅದೇ ಮುಖ, ಅದೇ ಕೂದಲು, ಅದೇ ನೆಂಟಸ್ತನ. ಜಿಲ್ಲೆಯ ಗಡಿಕಲ್ಲು ದಾಟಿದರೆ ಕಾಗದದ ಮೇಲೆ ಬೇರೆಯೇ ಮನುಷ್ಯ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಸಿದ್ದಿ ಸಮುದಾಯದಿಂದ ಶಾಸನಸಭೆಯ ಮೆಟ್ಟಿಲು ಹತ್ತಿದ ಮೊದಲಿಗರು ಅವರು.

ಈಗ ಎರಡು ಫಿಲ್ಟರಿನ ಪ್ರಶ್ನೆಗೆ ವಾಪಸ್ ಬರೋಣ. ನಮ್ಮ ದೇಶದಲ್ಲಿ ಬಣ್ಣದ ಜಾಗದಲ್ಲಿ ಹೆಚ್ಚಾಗಿ ಜಾತಿ ಕೂತಿದೆ. ಆಂಧ್ರಪ್ರದೇಶದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಏಪ್ರಿಲ್ 27ರಂದು ತೀರ್ಪು ಕೊಟ್ಟಿತು. ಅತ್ಯಾಚಾರಕ್ಕೆ ಒಳಗಾದ ಯುವತಿ ಪರಿಶಿಷ್ಟ ಜಾತಿಯವರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ಎಂ.ಆರ್. ಶಾ ಅವರ ಪೀಠ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಆ ತೀರ್ಪಿನಲ್ಲೇ ಇಂಟರ್‌ಸೆಕ್ಷನಾಲಿಟಿಯನ್ನು ವಿಸ್ತಾರವಾಗಿ ಚರ್ಚಿಸಿತು. ಜಾತಿ, ಹೆಣ್ತನ, ಅಂಗವೈಕಲ್ಯ ಮೂರೂ ಒಂದೇ ಜೀವದಲ್ಲಿ ಸೇರಿದಾಗ ಅದರಲ್ಲಿ ಒಂದನ್ನು ಬಿಡಿಸಿ ‘ಇದೊಂದೇ ಕಾರಣ’ ಅಂತ ತೋರಿಸೋದು ಕಷ್ಟ ಅನ್ನೋದನ್ನು ಒಪ್ಪಿಕೊಂಡಿತು.

ಆದರೆ ಮುಂದೇನಾಯ್ತು ಗೊತ್ತಾ? ದೌರ್ಜನ್ಯ ತಡೆ ಕಾಯ್ದೆಯ ಅಡಿ ಆಗಿದ್ದ ಶಿಕ್ಷೆಯನ್ನು ಅದೇ ಪೀಠ ರದ್ದು ಮಾಡಬೇಕಾಯಿತು. ಯಾಕೆ? ಘಟನೆ ನಡೆದಾಗ ಇದ್ದ ಕಾಯ್ದೆಯ ಪದಗಳು ಹಾಗಿದ್ದವು. ಸಂತ್ರಸ್ತೆ ಆ ಜಾತಿಗೆ ಸೇರಿದವರು ಎಂಬ ಕಾರಣಕ್ಕೇ ಅಪರಾಧ ನಡೆಯಿತು ಅಂತ ಪ್ರಾಸಿಕ್ಯೂಷನ್ ಸಾಬೀತು ಮಾಡಬೇಕಿತ್ತು, ಆ ಸಾಕ್ಷ್ಯ ಇರಲಿಲ್ಲ. 2016ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಇದು ಬದಲಾಗಿದೆ. ಈಗ ಸಂತ್ರಸ್ತರ ಜಾತಿ ಗೊತ್ತಿದ್ದೂ ಮಾಡಿದರೆ ಸಾಕು. ಒಂದು ವಾಕ್ಯದಲ್ಲಿ ಎರಡು ಪದ ಬದಲಾದರೆ ಎಷ್ಟು ಜನರ ನ್ಯಾಯ ಬದಲಾಗುತ್ತೆ ನೋಡಿ.

ಕೊನೆಯದಾಗಿ, ಕರ್ನಾಟಕ ಇದೇ ಒಗಟಿಗೆ ಕೊಟ್ಟ ಉತ್ತರ. ಇದು ನಮ್ಮಲ್ಲಿ ಬಹಳ ಜನರಿಗೆ ಗೊತ್ತೇ ಇಲ್ಲ.

ಅದಕ್ಕೆ ಮೊದಲು ಎರಡು ಪದ ಸ್ಪಷ್ಟ ಮಾಡಿಕೊಳ್ಳೋಣ, ಸ್ಟುಡಿಯೋ ಚರ್ಚೆಗಳಲ್ಲೂ ಇವು ಕಲಸಿಹೋಗುತ್ತವೆ. ನಾನು ಗಂಡೋ ಹೆಣ್ಣೋ ಬೇರೆಯೋ ಅಂತ ಒಳಗೆ ನನಗೆ ಏನು ಅನ್ನಿಸುತ್ತೋ ಅದು ಲಿಂಗತ್ವ. ನನ್ನ ಮನಸ್ಸು ಯಾರ ಕಡೆ ಒಲಿಯುತ್ತೆ ಅನ್ನೋದು ಲೈಂಗಿಕ ಒಲವು. ಟ್ರಾನ್ಸ್‌ಜೆಂಡರ್ ವಿಷಯ ಮೊದಲನೆಯದು, ರಸ್ಟಿನ್ ಅವರ ವಿಷಯ ಎರಡನೆಯದು. ಮೊದಲನೆಯದಕ್ಕೆ ನಮ್ಮ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ಮಾನ್ಯತೆ ಕೊಟ್ಟಿತು. ಎರಡನೆಯದನ್ನು ಅಪರಾಧದ ಪಟ್ಟಿಯಿಂದ ತೆಗೆದದ್ದು 2018ರ ಸೆಪ್ಟೆಂಬರ್ 6ರಂದು.

2014ರ ತೀರ್ಪಿನಲ್ಲಿ ಕೋರ್ಟ್ ಟ್ರಾನ್ಸ್‌ಜೆಂಡರ್ ಸಮುದಾಯವನ್ನು ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದ ವರ್ಗ ಎಂದು ಪರಿಗಣಿಸಿ ಮೀಸಲಾತಿ ಕೊಡಿ ಅಂದಿತು. ಒಳ್ಳೆಯ ಮಾತೇ. ಆದರೆ ಇಲ್ಲೊಂದು ಗಂಟು ಇದೆ. ಒಬ್ಬ ದಲಿತ ಟ್ರಾನ್ಸ್ ಮಹಿಳೆ ಎಲ್ಲಿ ನಿಲ್ಲಬೇಕು? ಪರಿಶಿಷ್ಟ ಜಾತಿಯ ಸಾಲಿನಲ್ಲಿ ನಿಂತರೆ ಅಲ್ಲಿ ಅವರ ಪೈಪೋಟಿ ಉಳಿದ ಗಂಡಸರು, ಹೆಂಗಸರ ಜೊತೆ. ಹಿಂದುಳಿದ ವರ್ಗದ ಸಾಲಿನಲ್ಲಿ ನಿಂತರೆ ದಲಿತರೆಂಬ ಗುರುತು ಬಾಗಿಲಾಚೆ. ತಮಿಳುನಾಡು 2015ರಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯವನ್ನು ಅತಿ ಹಿಂದುಳಿದ ವರ್ಗದ ಪಟ್ಟಿಗೆ ಸೇರಿಸಿ ಇದೇ ಗಂಟಿಗೆ ಸಿಕ್ಕಿಕೊಂಡಿತು. ಅಲ್ಲಿ ಅದು ಬಗೆಹರಿಯದೆ 2024ರಲ್ಲಿ ಮದ್ರಾಸ್ ಹೈಕೋರ್ಟ್ ಮಧ್ಯೆ ಬರಬೇಕಾಯಿತು.

ನಮ್ಮಲ್ಲಿ ಪೊಲೀಸ್ ನೇಮಕಾತಿಯ ಅಧಿಸೂಚನೆಯೊಂದರಲ್ಲಿ ಗಂಡು, ಹೆಣ್ಣು ಎರಡೇ ಕಾಲಂ ಇತ್ತು. ಅದನ್ನು ಪ್ರಶ್ನಿಸಿ ‘ಸಂಗಮ’ ಸಂಸ್ಥೆ ಹೈಕೋರ್ಟಿಗೆ ಹೋಯಿತು. ಆ ಕೇಸು ನಡೆಯುತ್ತಿದ್ದಾಗ 2021ರ ಜುಲೈನಲ್ಲಿ ರಾಜ್ಯ ಸರ್ಕಾರ 1977ರ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು ಸರ್ಕಾರಿ ಉದ್ಯೋಗದಲ್ಲಿ ಶೇ 1ರಷ್ಟು ಮೀಸಲಾತಿ ಕೊಟ್ಟಿತು. ಹೀಗೆ ಮಾಡಿದ ಮೊದಲ ರಾಜ್ಯ ನಮ್ಮದು. ಮುಖ್ಯ ವಿಷಯ ಆ ಒಂದು ಪರ್ಸೆಂಟ್ ಅಲ್ಲ, ಅದನ್ನು ಹಾಕಿದ ರೀತಿ. ಸಾಮಾನ್ಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳು, ಇವು ಮೇಲಿಂದ ಕೆಳಕ್ಕೆ ಇಳಿಯುವ ಕಾಲಂಗಳು ಅಂದುಕೊಳ್ಳಿ. ಈ ಒಂದು ಪರ್ಸೆಂಟ್ ಆ ಎಲ್ಲ ಕಾಲಂಗಳನ್ನೂ ಹಾದುಹೋಗುವ ಅಡ್ಡಸಾಲು. ಇದನ್ನೇ ಸಮತಲ ಮೀಸಲಾತಿ ಅಂತಾರೆ. ಮಹಿಳೆಯರಿಗೆ, ಅಂಗವಿಕಲರಿಗೆ ಇರುವುದೂ ಹೀಗೇ. ಈಗ ಆ ದಲಿತ ಟ್ರಾನ್ಸ್ ಮಹಿಳೆ ‘ನಾನು ದಲಿತಳೋ, ಟ್ರಾನ್ಸೋ’ ಅಂತ ಒಂದನ್ನು ಆರಿಸಿ ಇನ್ನೊಂದನ್ನು ಬಿಟ್ಟುಕೊಡಬೇಕಾಗಿಲ್ಲ. ಸೇಂಟ್ ಲೂಯಿಸ್‌ನ ನ್ಯಾಯಾಲಯ ಹಾಕಲು ಹೆದರಿದ್ದ ಎರಡನೇ ಫಿಲ್ಟರನ್ನು ನಮ್ಮ ನಿಯಮ ಹಾಕಿದೆ.

ಇದರಿಂದ ಎಲ್ಲವೂ ಸರಿಹೋಯ್ತು ಅಂತ ಹೇಳೋದಕ್ಕಾಗಲ್ಲ. ಎಷ್ಟೋ ಟ್ರಾನ್ಸ್ ಮಕ್ಕಳು ಶಾಲೆಯಲ್ಲೇ ಅವಮಾನ ತಡೆಯಲಾರದೆ ಓದು ಬಿಡ್ತಾರೆ, ಮನೆ ಬಿಡ್ತಾರೆ. ಅರ್ಹ ಅಭ್ಯರ್ಥಿ ಸಿಗದಿದ್ದರೆ ಆ ಹುದ್ದೆ ಅದೇ ವರ್ಗದ ಗಂಡಸಿಗೋ ಹೆಂಗಸಿಗೋ ಹೋಗುತ್ತೆ. ಪದವಿಯ ಸರ್ಟಿಫಿಕೇಟೇ ಕೈಯಲ್ಲಿ ಇಲ್ಲದವರಿಗೆ ಹುದ್ದೆಯ ಬಾಗಿಲು ತೆರೆದಿದ್ದೂ ಒಂದೇ, ಮುಚ್ಚಿದ್ದೂ ಒಂದೇ.

ಈ ವಿಷಯ ಮಾತಾಡಿದಾಗೆಲ್ಲ ಒಂದು ಆಕ್ಷೇಪ ಬರುತ್ತೆ. ‘ಮನುಷ್ಯನನ್ನು ಮನುಷ್ಯ ಅಂತ ನೋಡಿದರೆ ಸಾಲದಾ? ಹೀಗೆ ಹೋಳು ಮಾಡ್ತಾ ಹೋದರೆ ಸಮಾಜ ಒಡೆಯಲ್ವಾ?’ ಪ್ರಶ್ನೆ ಪ್ರಾಮಾಣಿಕವಾದದ್ದೇ. ಹಾಗೆ ಕೇಳುವವರು ಒಂದು ಕೆಲಸ ಮಾಡಿ. ಇವತ್ತಿನವರೆಗೆ ತುಂಬಿದ ಅರ್ಜಿಗಳನ್ನು ನೆನಪಿಸಿಕೊಳ್ಳಿ. ಹೆಸರು, ಲಿಂಗ, ಜಾತಿ, ಧರ್ಮ. ಎಲ್ಲಾದರೂ ಒಂದು ಕಡೆ ನಿಮ್ಮ ಪೆನ್ನು ನಿಂತಿದೆಯಾ? ಇದನ್ನು ಬರೆದರೆ ಕೆಲಸ ಸಿಗುತ್ತಾ, ಮನೆ ಬಾಡಿಗೆಗೆ ಸಿಗುತ್ತಾ ಅಂತ ಯೋಚಿಸಿದ್ದೀರಾ? ನಿಂತಿಲ್ಲ ಅಂದರೆ ನಿಮ್ಮ ಹೋಳುಗಳೆಲ್ಲ ಸಮಾಜಕ್ಕೆ ಒಪ್ಪಿಗೆಯಾಗಿವೆ ಅಂತ ಅರ್ಥ. ಒಂದು ಕಾಲಂನಲ್ಲಿ ನಿಂತವರೂ ಇನ್ನೊಂದರಲ್ಲಿ ಸರಾಗವಾಗಿ ಬರೆದಿರ್ತೀರಿ. ರಸ್ಟಿನ್ ಅವರಿಗೆ ಬೆದರಿಕೆ ಹಾಕಿದ ಪವೆಲ್ ಅವರ ಹಾಗೆ. ಸಮಾಜವನ್ನು ಹೋಳು ಮಾಡಿದ್ದು ಆ ಐವರು ಮಹಿಳೆಯರಲ್ಲ. ಮೊದಲೇ ಹೋಳಾಗಿದ್ದ ಜಾಗದಲ್ಲಿ ತಾವು ಬಿದ್ದಿದ್ದೇವೆ ಅಂತ ಅವರು ಕೂಗಿ ಹೇಳಿದರು, ಅಷ್ಟೇ.

ಮುಂದಿನ ಸಲ ಟಿವಿಯಲ್ಲಿ ಯಾರಾದರೂ ‘ನಮ್ಮ ಸಂಸ್ಥೆಯಲ್ಲಿ ಇಷ್ಟು ಜನ ಮಹಿಳೆಯರಿದ್ದಾರೆ, ಇಷ್ಟು ಜನ ದಲಿತರಿದ್ದಾರೆ’ ಅಂತ ಅಂಕಿಅಂಶ ಹೇಳಿದರೆ, ನಮ್ಮ ಚಾನೆಲ್ಲೇ ಹೇಳಿದರೂ ಸರಿ, ಒಂದು ಪ್ರಶ್ನೆ ಕೇಳಿ: ದಲಿತ ಮಹಿಳೆಯರು ಎಷ್ಟು ಜನ? ಎರಡೂ ಫಿಲ್ಟರ್ ಒಟ್ಟಿಗೆ ಹಾಕಿ ತೋರಿಸಿ ಅಂತ ಕೇಳಿ. ಉತ್ತರ ಸೊನ್ನೆ ಬಂದರೆ, ಮೊದಲು ಹೇಳಿದ ಎರಡು ಅಂಕಿಗಳನ್ನೂ ಮತ್ತೊಮ್ಮೆ ನೋಡಬೇಕಾಗುತ್ತೆ.